ನೂರ ನಲವತ್ತೇಳನೇ ಬಾಗಿಲು

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಬೇಕಾದಷ್ಟಪ್ಪ ಎಂದು. ಹೆತ್ತವರು ಇಟ್ಟ ಹೆಸರು ಕುತ್ತಿಗೆಗೆ ನೇತುಹಾಕಿಕೊಂಡ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು, ಅದೂ ಅರ್ಧ ಅಳಿಸಿಹೋಗಿತ್ತು. ಯಾರು ಏನು ಕೇಳಿದರೂ "ಬೇಕಾದಷ್ಟಿದೆ ಬಿಡಿ" ಎನ್ನುವುದು ಅವನ ಹುಟ್ಟುಗುಣ. ಪ್ರಿಂಟರಿನಲ್ಲಿ ಶಾಯಿ ಇದೆಯೇ ಎಂದರೆ ಬೇಕಾದಷ್ಟಿದೆ. ಲಿಫ್ಟಿನಲ್ಲಿ ಜಾಗ ಇದೆಯೇ ಎಂದರೆ ಬೇಕಾದಷ್ಟಿದೆ, ಬನ್ನಿ. ಹಾಗೆ ಕರೆಸಿಕೊಂಡ ಹನ್ನೊಂದನೆಯವರು ಒಳಗೆ ಕಾಲಿಟ್ಟ ಮೇಲೆ ಲಿಫ್ಟು ಎರಡು ಮಹಡಿಗಳ ನಡುವೆ ಒಂದು ಗಂಟೆ ನಿಂತಿತ್ತು. "ಗಾಳಿ ಇದೆಯೇನ್ರೀ?" ಎಂದು ಒಳಗಿದ್ದವರೊಬ್ಬರು ಕೇಳಿದಾಗಲೂ ಅವನು ಅದೇ ಉತ್ತರ ಕೊಟ್ಟನಂತೆ.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅವನೇ, ಅವನ ಕೈಕೆಳಗಿನ ಸಿಬ್ಬಂದಿಯೂ ಅವನೇ. ಎಂಟು ವರ್ಷದ ಹಿಂದೆ ಆಸ್ಪತ್ರೆಯ ಮಿಷಿನ್ನುಗಳನ್ನೆಲ್ಲ ಕ್ಲೌಡಿಗೆ ಸಾಗಿಸಿದಾಗ ಮಾತ್ರ ಅವನಿನ್ನೂ ಸಹಾಯಕ. ಕ್ಲೌಡ್ ಎಂದರೆ ಆಕಾಶದಲ್ಲಿರುವುದೇನಲ್ಲ. ಎಲ್ಲೋ ದೂರದ ಕಟ್ಟಡದಲ್ಲಿ ನಮಗಾಗಿ ಓಡುವ ಬಾಡಿಗೆ ಕಂಪ್ಯೂಟರುಗಳು. ಅಲ್ಲಿ ನಮ್ಮದೇ ಒಂದು ಬಡಾವಣೆ ಹಾಕಿಕೊಳ್ಳಬೇಕು, ಬಡಾವಣೆಯೊಳಗೆ ಬೀದಿ ಎಳೆಯಬೇಕು, ಬೀದಿಯಲ್ಲಿ ಪ್ರತಿ ಮಿಷಿನ್ನಿಗೂ ಒಂದು ಬಾಗಿಲ ನಂಬರು ಕೊಡಬೇಕು. ಆ ನಂಬರಿಗೇ ಐಪಿ ವಿಳಾಸ ಎನ್ನುತ್ತಾರೆ. ನಂಬರಿಲ್ಲದ ಮಿಷಿನ್ನು ಇದ್ದೂ ಇಲ್ಲದ ಹಾಗೆ. ಬೀದಿ ಎಳೆದವನು ಬೇಕಾದಷ್ಟಪ್ಪನೇ. "ಇನ್ನೂರೈವತ್ತಾರು ಬಾಗಿಲು ಸಾರ್. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬೇಕಾದಷ್ಟಾಯ್ತು" ಎಂದು ಆಗಿನ ಮುಖ್ಯಸ್ಥರ ಮುಂದೆ ಎದೆಯುಬ್ಬಿಸಿ ಹೇಳಿದ್ದ. ಆ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರದು ಮಾತು ಕಡಿಮೆ. ಅವನನ್ನೇ ಒಂದು ಗಳಿಗೆ ನೋಡಿ ಕೆಮ್ಮಿದ್ದರು, ಅಷ್ಟೇ. ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಕುರ್ಚಿ ಇವನಿಗೆ ಬಂತು. ಕುರ್ಚಿಯ ಜೊತೆಗೆ, ಮಹಡಿಗಳ ಸ್ಪೀಕರುಗಳಲ್ಲಿ ಪ್ರಕಟಣೆ ಕೂಗುವ ಪಕ್ಕದ ಮೈಕಿನ ಕೋಣೆಯ ಬೀಗದ ಕೈಯೂ ಬಂತು.

ಒಂದು ಮಂಗಳವಾರ ಡೈರೆಕ್ಟರು ಅವನನ್ನು ಕರೆಸಿದರು.

"ಸೋಮವಾರ ಹೊಸ ವಾರ್ಡು ಶುರು ಮಾಡ್ತಿದೀವಿ. ಇಪ್ಪತ್ತು ಹಾಸಿಗೆ, ಹಾಸಿಗೆಗೊಂದು ಮಾನಿಟರ್. ಅವಕ್ಕೆಲ್ಲ ಅದೇನೋ ವಿಳಾಸ ಬೇಕಂತಲ್ಲ, ಇದಾವೇನ್ರೀ?"

"ಬೇಕಾದಷ್ಟಿದಾವೆ ಸಾರ್."

"ಇಲ್ಲ ಅಂದ್ರೆ ಈಗ್ಲೇ ಹೇಳಿ. ಆಮೇಲೆ ವಾರ್ಡು ನಿಂತ್ರೆ ನಿಮ್ಮನ್ನ ಕೆಳಗೆ ಹಳೇ ಕಡತದ ಕೋಣೆಗೆ ಹಾಕ್ತೀನಿ."

"ಒಂದಲ್ಲ ಎರಡು ವಾರ್ಡು ಮಾಡಿ ಸಾರ್" ಎಂದು ಹೇಳಿ, ಬೀಗುತ್ತ ತನ್ನ ಕೋಣೆಗೆ ಬಂದು ಪರದೆ ನೋಡಿದ. ಖಾಲಿ ಇರುವ ವಿಳಾಸ: ಸೊನ್ನೆ.

ಕಾಗದದ ಮೇಲೆ ಎಣಿಸಿದ. ಇನ್ನೂರೈವತ್ತೊಂದು ಮಿಷಿನ್ನುಗಳಿದ್ದವು. ಹಾಗಾದರೆ ಐದು ಬಾಗಿಲು ಉಳಿಯಬೇಕಲ್ಲ? ಆ ಐದರಲ್ಲಿ ಯಾರೂ ಇರಲಿಲ್ಲ, ಆದರೂ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಪ್ರತಿ ಬೀದಿಯ ಮೊದಲ ನಾಲ್ಕು ಬಾಗಿಲನ್ನೂ ಕೊನೆಯದೊಂದನ್ನೂ ಕ್ಲೌಡಿನವರು ತಮಗೇ ಇಟ್ಟುಕೊಳ್ಳುತ್ತಾರೆ ಎಂಬುದು ಅವರು ಕೊಟ್ಟ ಪುಸ್ತಕದ ಮೊದಲ ಪುಟದಲ್ಲೇ ಇದೆ. ಬೇಕಾದಷ್ಟಪ್ಪ ಮೊದಲ ಪುಟ ಓದುವವರ ಪೈಕಿಯಲ್ಲ. ಸಹಾಯಕ್ಕೆ ಕರೆ ಮಾಡಿ ಎಂದು ಅವರು ಕೊಟ್ಟ ನಂಬರು ಗೋಡೆಯ ಮೇಲಿತ್ತು. ಅದರ ಮೇಲೆ ಅವನು ಕ್ಯಾಲೆಂಡರ್ ನೇತುಹಾಕಿ ಆರು ವರ್ಷವಾಗಿತ್ತು. ಮುಖ್ಯಸ್ಥನಾದವನು ಫೋನು ಮಾಡಿ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ಉಳಿದದ್ದು ಒಂದೇ ದಾರಿ. ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಯಾವುದೋ ಮಿಷಿನ್ನು ಯಾರದೆಂದು ಗೊತ್ತಾಗದೆ ಹೋದರೆ ಅದನ್ನು ದೀಪ ಆರಿಸಿದ ಹಾಗೆ ಆರಿಸಿಬಿಡಬೇಕು. ಆರಿಸಿದ ಮೇಲೆ ಯಾರು ಕಿರುಚಿಕೊಂಡು ಬರುತ್ತಾರೋ ಅದು ಅವರದು. ಯಾರೂ ಬರದಿದ್ದರೆ ಯಾರದೂ ಅಲ್ಲ. ಅಳಿಸಿಹಾಕಿ ಬಾಗಿಲನ್ನು ಬೇರೆಯವರಿಗೆ ಕೊಡಬಹುದು. ಇದಕ್ಕೆ ಕಿರುಚಾಟದ ಪರೀಕ್ಷೆ ಎನ್ನುತ್ತಾರೆ.

ದೊಡ್ಡವರು ಬರೆದಿಟ್ಟ ವಿಳಾಸದ ಪುಸ್ತಕ ತೆಗೆದ. ಯಾರದೆಂದು ಗೊತ್ತಿಲ್ಲದವು ಇಪ್ಪತ್ತಮೂರು. ಬುಧವಾರ ಬೆಳಗ್ಗೆ ಒಂದೊಂದಾಗಿ ಆರಿಸತೊಡಗಿದ. ಮೂರಕ್ಕೆ ಕಿರುಚಾಟ ಬಂತು. ಅಡುಗೆಮನೆಯವರು ಸೌಟು ಹಿಡಿದೇ ಬಂದರು. ಎಕ್ಸ್‌ರೇ ಕೋಣೆಯವರು ಫೋನಿನಲ್ಲಿ ಕೂಗಿದರು. ಹಲ್ಲಿನ ಡಾಕ್ಟರು ಬರಲಿಲ್ಲ, ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ಬಂದ, ಬಾಯಿ ಇನ್ನೂ ತೆರೆದೇ ಇತ್ತು. ಆ ಮೂರನ್ನು ಮತ್ತೆ ಹಚ್ಚಿದ. ಹತ್ತೊಂಬತ್ತು ಸದ್ದಿಲ್ಲದೆ ಹೋದವು. ಇನ್ನು ಬೇಕಾದದ್ದು ಒಂದು, ಉಳಿದಿದ್ದದ್ದೂ ಒಂದು. ನೂರ ನಲವತ್ತೇಳು.

ಅದರ ಮುಂದೆ ದೊಡ್ಡವರ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ, "ಮುಟ್ಟಬಾರದು" ಎಂದಿತ್ತು. ಬೇಕಾದಷ್ಟಪ್ಪ ಅದಕ್ಕೆ ಬೆಲೆ ಕೊಡಲಿಲ್ಲ. ದೊಡ್ಡವರು ಕಿಟಕಿಯ ಮೇಲೂ ಕಾಗದ ಚುಚ್ಚುವ ಮಿಷಿನ್ನಿನ ಮೇಲೂ ತಮ್ಮ ಟೀ ಲೋಟದ ಮೇಲೂ ಅದನ್ನೇ ಬರೆದಿದ್ದ ಮನುಷ್ಯ. ಆರಿಸುವ ಮೊದಲು ಒಮ್ಮೆ ಬಾಗಿಲು ತಟ್ಟಿ ನೋಡೋಣ ಎಂದುಕೊಂಡ. ತಟ್ಟುವುದೆಂದರೆ ಇಲ್ಲಿಂದ ಒಂದು ಸಣ್ಣ ಸಂದೇಶ ಕಳಿಸುವುದು. ಒಳಗೆ ಮಿಷಿನ್ನು ಬದುಕಿದ್ದರೆ ಓಗೊಡುತ್ತದೆ. ನಂಬರು ಬರೆದು ಕೀಲಿ ಒತ್ತಲು ಬೆರಳೆತ್ತಿದ. ಬೆರಳು ಇನ್ನೂ ಗಾಳಿಯಲ್ಲಿತ್ತು, ಪರದೆಯ ಮೇಲೆ ಉತ್ತರ ಬಂದಿತ್ತು.

ಕೀಲಿ ಎಲ್ಲೋ ತಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಮೂರೂವರೆಗೆ ಆರಿಸಿದ. ಹತ್ತು ನಿಮಿಷ ಕಿವಿಗೊಟ್ಟು ಕಾದ. ಯಾರೂ ಕಿರುಚಲಿಲ್ಲ. ಅಳಿಸಲು ಹೊರಟಾಗ "ಒಂದು ನಕಲು ಇಟ್ಟುಕೊಳ್ಳಬೇಕೇ? ಏಳು ನಿಮಿಷ ಹಿಡಿಯುತ್ತದೆ" ಎಂದು ಪರದೆ ಕೇಳಿತು. ಟೀ ಆರುತ್ತಿತ್ತು. ಬೇಡ ಎಂದ.

ನಾಲ್ಕು ಗಂಟೆಯಾಯಿತು.

ಆಗ ಏನೂ ಆಗಲಿಲ್ಲ. ಆದದ್ದು ಅದೇ. ಕಾರಿಡಾರಿನಲ್ಲಿ ಗಾಲಿಕುರ್ಚಿ ತಳ್ಳುತ್ತಿದ್ದವನು ನಡುವೆ ನಿಂತುಬಿಟ್ಟ. ಕೌಂಟರಿನಲ್ಲಿ ಹೆಸರು ಕೂಗುತ್ತಿದ್ದವಳು ಅರ್ಧ ಹೆಸರು ಕೂಗಿ ಉಳಿದರ್ಧ ಮರೆತಳು. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದವರು ಏಳುವ ಹಾಗೆ ಮಾಡಿ ಏಳಲಿಲ್ಲ. ಇಡೀ ಕಟ್ಟಡ ಯಾವುದಕ್ಕೋ ಕಾಯುತ್ತಿತ್ತು, ಕಾಯುತ್ತಿದ್ದೇವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದು ಮಗು ಮಾತ್ರ ತಲೆಯೆತ್ತಿ ಛಾವಣಿಯ ಸ್ಪೀಕರ್ ನೋಡಿ ಅಳಲು ಶುರು ಮಾಡಿತು.

ಮರುದಿನ ಹೆಡ್ ನರ್ಸ್ ಅವನ ಬಾಗಿಲಿಗೆ ಬಂದು ನಿಂತರು. ಮೂವತ್ತು ವರ್ಷ ಸರ್ವಿಸಿನಲ್ಲಿ ಯಾರಿಗೂ ಹೆದರದ ಹೆಂಗಸು.

"ಸಾರ್, ಏನೋ ಇಲ್ಲ."

"ಏನಿಲ್ಲ ಸಿಸ್ಟರ್?"

"ಅದೇ ಗೊತ್ತಾಗ್ತಿಲ್ಲ. ನಾಲ್ಕು ಗಂಟೆ ಮಾತ್ರೆ ನಾಲ್ಕೂಮುಕ್ಕಾಲಿಗೆ ಕೊಟ್ವಿ. ಗಡಿಯಾರ ಎದುರಿಗೇ ಇತ್ತು, ನೋಡ್ತಾನೇ ಇದ್ವಿ. ಕಾಲೇ ಏಳಲಿಲ್ಲ. ಇವತ್ತು ಹನ್ನೊಂದಕ್ಕೂ ಹಂಗೇ ಆಯ್ತು. ಏನೋ ಇರ್ತಿತ್ತು ಸಾರ್, ಈಗಿಲ್ಲ."

ಅವರ ಹಿಂದೆ ಅಡುಗೆಮನೆಯವರು, ಅವರ ಹಿಂದೆ ಬಟ್ಟೆ ಒಗೆಯುವವರು. ಎಲ್ಲರದೂ ಅದೇ ದೂರು. ಶುಕ್ರವಾರ ಡೈರೆಕ್ಟರು ಸಮಿತಿ ಮಾಡಿದರು. ಇಲ್ಲದಿರುವುದು ಏನೆಂದು ತಿಳಿಯದ ಕಾರಣ ಸಮಿತಿಯು ಇರುವುದನ್ನೆಲ್ಲ ಎಣಿಸಿತು. ಹಾಸಿಗೆ, ದಿಂಬು, ಡಾಕ್ಟರು, ಬಕೆಟ್ಟು, ಯಾವುದೂ ಒಂದೂ ಕಡಿಮೆಯಿರಲಿಲ್ಲ. "ಏನೂ ಕಳೆದಿಲ್ಲ" ಎಂದು ವರದಿ ಬರೆದು ಎಲ್ಲರೂ ಸಹಿ ಹಾಕಿದರು. ಸಹಿ ಹಾಕುವಾಗ ಸಮಿತಿಯ ಆರೂ ಜನ ಒಟ್ಟಿಗೆ ತಲೆಯೆತ್ತಿ ಮೇಲೆ ನೋಡಿದರು. ಆಗ ಸರಿಯಾಗಿ ನಾಲ್ಕು ಗಂಟೆ. ಸಮಿತಿಯ ಸದಸ್ಯನೂ ಆಗಿದ್ದ ಬೇಕಾದಷ್ಟಪ್ಪನ ಪೆನ್ನು ಕೈಜಾರಿ ಬಿತ್ತು.

ಶನಿವಾರ ಮಧ್ಯಾಹ್ನ ಅವನು ಹೊಸ ಮಾನಿಟರುಗಳಿಗೆ ವಿಳಾಸದ ಚೀಟಿ ಅಂಟಿಸಿ ಬಂದು ಕೂತಿದ್ದಾಗ ಬೆಂಚಿನ ಅಜ್ಜಿ ಬಂದರು. ಮೊದಲ ಮಹಡಿಯ ಬೆಂಚಿನಲ್ಲಿ ದಿನವೂ ಮೂರೂವರೆಯಿಂದ ನಾಲ್ಕೂಕಾಲರ ತನಕ ಕೂತಿರುತ್ತಿದ್ದ ಹೆಂಗಸು. ಯಾರೋ ರೋಗಿಯ ಕಡೆಯವರು ಎಂದು ಎಲ್ಲರೂ ತಿಳಿದಿದ್ದರು. ಯಾವ ರೋಗಿ ಆರು ವರ್ಷ ಮಲಗಿರುತ್ತಾನೆ ಎಂದು ಯಾರೂ ಯೋಚಿಸಿರಲಿಲ್ಲ.

"ಏನಪ್ಪಾ, ನಮ್ಮವರು ಬುಧವಾರದಿಂದ ಕೆಮ್ಮಿಲ್ಲ" ಎಂದರು ಅಜ್ಜಿ.

"ಯಾವ ವಾರ್ಡು ಅಜ್ಜಿ?"

"ವಾರ್ಡಲ್ಲ. ನೀನು ಕೂತಿದೀಯಲ್ಲ, ಆ ಕುರ್ಚಿ."

ಬೇಕಾದಷ್ಟಪ್ಪ ಕುರ್ಚಿ ಬಿಸಿಯಾದಂತಾಗಿ ಎದ್ದು ನಿಂತ. "ದೊಡ್ಡವರಾ? ಅಜ್ಜಿ, ಅವರು ತೀರಿಕೊಂಡು ಆರು ವರ್ಷ ಆಯ್ತಲ್ಲ."

"ನನಗೆ ಗೊತ್ತಿಲ್ಲದೆ ಇರುತ್ತೇನಪ್ಪಾ? ಅದಕ್ಕೂ ಕೆಮ್ಮಿಗೂ ಏನು ಸಂಬಂಧ?"

ಅಜ್ಜಿ ಕೂತು, ನೀರು ಕುಡಿದು, ಹೇಳಿದರು. ದೊಡ್ಡವರ ಮಾತು, ಮಾತೇ ಬರುವುದಿಲ್ಲವೇನೋ ಎನ್ನುವಷ್ಟು ಕಡಿಮೆ. ಹನ್ನೊಂದಕ್ಕೂ ನಾಲ್ಕಕ್ಕೂ ಜನ ಟೀ ಮುಗಿಸಿ ಕೆಲಸಕ್ಕೆ ಏಳದಿದ್ದಾಗ ಮೈಕಿನ ಹತ್ತಿರ ಹೋಗಿ ಒಮ್ಮೆ ಕೆಮ್ಮುತ್ತಿದ್ದರು. ಎಲ್ಲರೂ ಏಳುತ್ತಿದ್ದರು. ಕಾಯಿಲೆ ಜೋರಾದಾಗ, ನಾನಿಲ್ಲದಿದ್ದರೆ ಇವರು ಏಳುವುದಿಲ್ಲ ಎಂದು ಕೆಮ್ಮನ್ನು ಒಂದು ಮಿಷಿನ್ನಿಗೆ ಹಾಕಿ, ತೀರಾ ಸಣ್ಣ ದನಿಯಲ್ಲಿ, ದಿನಕ್ಕೆರಡು ಸಲ ಮಹಡಿಮಹಡಿಯ ಸ್ಪೀಕರಿನಲ್ಲಿ ಬರುವಂತೆ ಮಾಡಿಟ್ಟಿದ್ದರು. ಆರು ವರ್ಷದಿಂದ ಇಡೀ ಆಸ್ಪತ್ರೆ ಅದನ್ನು ಕೇಳದೆಯೇ ಪಾಲಿಸುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದವರು ಒಬ್ಬರೇ.

"ಅವರಿದ್ದಾಗ ನಾನು ಒಂದು ದಿನಾನೂ ಇಲ್ಲಿಗೆ ಬಂದವಳಲ್ಲ. ಆಮೇಲೆ ಬರೋಕೆ ಶುರು ಮಾಡ್ದೆ. ದಿನಾ ನಾಲ್ಕು ಗಂಟೆಗೆ ನನಗೆ ಹೋಗೋಕೆ ಒಂದು ಜಾಗ ಇತ್ತಪ್ಪಾ." ಅಜ್ಜಿಯ ದನಿ ಏರಲಿಲ್ಲ, ಇಳಿಯಲಿಲ್ಲ. "ಸೋಮವಾರ ಬರ್ತೀನಿ. ಅಷ್ಟರಲ್ಲಿ ಸರಿ ಮಾಡಿಸಿರು. ಮಿಷಿನ್ನು ಇದೆ ತಾನೇ?"

"ಬೇಕಾದಷ್ಟಿದಾವೆ ಅಜ್ಜಿ" ಎಂದು ಅಭ್ಯಾಸಬಲದಿಂದ ಹೇಳಿ ನಾಲಿಗೆ ಕಚ್ಚಿಕೊಂಡ.

ಅಜ್ಜಿ ಹೋದ ಮೇಲೆ ಕ್ಯಾಲೆಂಡರ್ ಕಿತ್ತು, ಗೋಡೆಯ ನಂಬರಿಗೆ ಫೋನು ಹಚ್ಚಿದ. ಕ್ಲೌಡ್ ಕಂಪನಿಯ ಹೆಣ್ಣುಮಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

"ನಕಲು ಇಲ್ಲದೆ ಅಳಿಸಿದ್ದು ವಾಪಸ್ ಬರಲ್ಲ ಸಾರ್. ಅಲ್ಲ, ಅಳಿಸಿದ್ದಾದ್ರೂ ಯಾಕೆ?"

"ವಿಳಾಸ ಮುಗಿದುಹೋಗಿದ್ವಲ್ಲಮ್ಮ."

"ಬೀದಿಯಲ್ಲಿ ಮುಗಿದಿರೋದು ಸಾರ್. ನಿಮ್ಮ ಬಡಾವಣೆಯಲ್ಲಿ ಅರವತ್ತೈದು ಸಾವಿರ ಬಾಗಿಲಿಗೆ ಜಾಗ ಇದೆ. ನೀವು ಎಳೆದಿರೋದು ಒಂದೇ ಬೀದಿ. ಪಕ್ಕದಲ್ಲೇ ಇನ್ನೊಂದು ಎಳೀಬಹುದಿತ್ತು, ಎರಡು ನಿಮಿಷದ ಕೆಲಸ."

"ಅರವತ್ತೈದು ಸಾವಿರ?"

"ಬೇಕಾದಷ್ಟಿದೆ ಸಾರ್" ಎಂದಳು ಆಕೆ.

ಬದುಕಿನಲ್ಲಿ ಮೊದಲ ಸಲ ಆ ಮಾತು ಅವನ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು. ಒಂದು ಫೋನು ಮಾಡಿದರೆ ಸಣ್ಣವನಾಗುತ್ತೇನೆಂದು ಅಂಜಿ, ಸತ್ತವರನ್ನು ಇನ್ನೊಮ್ಮೆ ಸಾಯಿಸಿದೆನಲ್ಲ ಎಂದು ಅವನಿಗೆ ನಿಜವಾಗಿ ದುಃಖವಾಯಿತು. ಕಡತದ ಕೋಣೆಯ ಭಯ ಬೇರೆ ಇತ್ತು. ಎರಡೂ ಸೇರಿ ಅವನ ತಲೆಗೆ ಒಂದು ಉಪಾಯ ತಂದವು. ಮೈಕಿನ ಕೋಣೆಯ ಬೀಗದ ಕೈ ತನ್ನ ಹತ್ತಿರವೇ ಇದೆ. ಗಂಟಲೂ ಇದೆ. ತಾನೇ ಕೆಮ್ಮಿದರಾಯಿತು.

ಅಂದು ಸಂಜೆಯಿಂದಲೇ ಮನೆಯಲ್ಲಿ ಅಭ್ಯಾಸ ಶುರುವಾಯಿತು. ದೊಡ್ಡವರ ಕೆಮ್ಮು ನೆನಪು ಮಾಡಿಕೊಂಡ. ಚಿಕ್ಕದು ಎರಡು, ದೊಡ್ಡದು ಒಂದು, ಕೊನೆಗೆ ಉದ್ದಕ್ಕೆ "ಹ್ಞೂಂ". ಬಚ್ಚಲಲ್ಲಿ ಕೆಮ್ಮಿದ, ಬೀರುವಿಗೆ ತಲೆ ಹಾಕಿ ಕೆಮ್ಮಿದ. ಹೆಂಡತಿ ಕಷಾಯ ತಂದಳು. ಕುಡಿದು ಕೆಮ್ಮಿದ.

"ರೀ, ಎಷ್ಟು ದಿನದಿಂದ ಇದೆ?"

"ಆರು ವರ್ಷದಿಂದ" ಎಂದ, ಯೋಚನೆಯಲ್ಲೇ.

ಹೆಂಡತಿ ಹೌಹಾರಿ ಪಕ್ಕದ ಮನೆಯ ಕಾಂಪೌಂಡರನ್ನು ಕರೆತಂದಳು. ಅವರು ನಿವೃತ್ತರಾಗಿದ್ದರು, ಆದರೆ ಬೀದಿಯ ಆರೋಗ್ಯದ ಹೊಣೆಯಿಂದ ಇನ್ನೂ ನಿವೃತ್ತರಾಗಿರಲಿಲ್ಲ. ಬೇಕಾದಷ್ಟಪ್ಪನ ಬೆನ್ನಿಗೆ ಕಿವಿಯಿಟ್ಟು, "ಹ್ಞಾ, ಇನ್ನೊಂದ್ಸಲ" ಎಂದರು. ಅವನು ಅಷ್ಟು ಹೊತ್ತಿಗೆ ಚೆನ್ನಾಗಿ ಕಲಿತಿದ್ದ. ಚಿಕ್ಕದು ಎರಡು, ದೊಡ್ಡದು ಒಂದು, ಹ್ಞೂಂ. ಕಾಂಪೌಂಡರು ಕಿವಿ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರು.

"ನಲವತ್ತು ವರ್ಷ ಕೆಮ್ಮಿಗೇ ಔಷಧಿ ಕಲಸಿದೀನಿ. ಇದು ನಿಮ್ಮ ಕೆಮ್ಮಲ್ಲ."

"ಅಂದ್ರೆ?" ಎಂದಳು ಹೆಂಡತಿ.

"ನಿಮ್ಮ ಯಜಮಾನ್ರ ಎದೆ ಚೊಕ್ಕವಾಗಿದೆಯಮ್ಮ. ಇದು ಯಾರೋ ಅರವತ್ತರ ಹತ್ತಿರದವರ ಕೆಮ್ಮು. ಇವರ ಮೈಯೊಳಗೆ ಹೆಂಗೆ ಬಂತೋ!"

ಭಾನುವಾರ ಮಧ್ಯಾಹ್ನದೊಳಗೆ ಸುದ್ದಿ ಬೀದಿಯೆಲ್ಲ ಹರಡಿತು. ಎದುರು ಮನೆಯವರು ಕಿಟಕಿ ಮುಚ್ಚಿದರು. ಹಾಲಿನವಳು ಹಾಲನ್ನು ಗೇಟಿನ ಹೊರಗೇ ಇಟ್ಟು ಓಡಿದಳು. ಸೋಮವಾರ ಬೆಳಗ್ಗೆ ಅವನು ಅಂಗಿ ಹಾಕಿಕೊಂಡು ಕೆಲಸಕ್ಕೆ ಹೊರಟರೆ, ಹೆಂಡತಿ ಒಂದು ರಟ್ಟೆ, ಕಾಂಪೌಂಡರು ಇನ್ನೊಂದು ರಟ್ಟೆ ಹಿಡಿದು ಅವನನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಆದರೆ ರೋಗಿಗಳ ಬಾಗಿಲಿನಿಂದ.

ಡೈರೆಕ್ಟರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಸ ವಾರ್ಡು ಸಿದ್ಧವಾಗಿತ್ತು, ಗಣ್ಯರು ಮೂರೂವರೆಗೆ ನೋಡಲು ಬರುವವರಿದ್ದರು, ರೋಗಿ ಮಾತ್ರ ಒಬ್ಬರೂ ಇರಲಿಲ್ಲ. "ನಮ್ಮವರೇ ಮೊದಲ ರೋಗಿ! ಇದಲ್ವೇನ್ರೀ ನಿಷ್ಠೆ ಅಂದ್ರೆ!" ಎಂದು ಬೆನ್ನು ತಟ್ಟಿದರು.

"ಸಾರ್, ನನಗೇನೂ ಆಗಿಲ್ಲ."

"ಮೊದ್ಲು ಎಲ್ರೂ ಹಂಗೇ ಅಂತಾರೆ" ಎಂದರು ಹೆಡ್ ನರ್ಸ್. ಮಧ್ಯಾಹ್ನದ ತನಕ ರಕ್ತ, ಎಕ್ಸ್‌ರೇ ಎಂದು ಸುತ್ತಾಡಿಸಿ, ಅಂಗಿ ಪ್ಯಾಂಟು ಬಿಚ್ಚಿಸಿ, ಹಸಿರು ನಿಲುವಂಗಿ ತೊಡಿಸಿ, ಆರನೇ ಹಾಸಿಗೆಯಲ್ಲಿ ಮಲಗಿಸಿ, ಎದೆಗೆ ವೈರು ಅಂಟಿಸಿದರು. ಮಾನಿಟರಿನ ಮೇಲೆ ಅವನೇ ಅಂಟಿಸಿದ್ದ ಚೀಟಿ ಕಂಡಿತು. ಬಾಗಿಲ ನಂಬರು ನೂರ ನಲವತ್ತೇಳು.

ಮೈಕಿನ ಕೋಣೆಯ ಬೀಗದ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿತ್ತು. ವಾರ್ಡಿನ ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಅಜ್ಜಿ ಬಂದು ಕೂತಿದ್ದರು, ಕೈಚೀಲ ತೊಡೆಯ ಮೇಲೆ. ಮೂರೂ ಐವತ್ತಾರು. ಬೇಕಾದಷ್ಟಪ್ಪ ಕಾಲು ಕೆಳಗಿಟ್ಟ. ವೈರು ಎಳೆದು ಮಾನಿಟರು ಕೂಗಿಕೊಂಡಿತು, ಮೂವರು ನರ್ಸುಗಳು ಬಂದು ಅವನನ್ನು ಒತ್ತಿ ಮಲಗಿಸಿದರು. ಇಲ್ಲಿಂದಲೇ ಜೋರಾಗಿ ಕೆಮ್ಮಿಬಿಡೋಣ ಎಂದು ಬಾಯಿ ತೆರೆದ. "ಉಸಿರು ಕಟ್ತಿದೆ!" ಎಂದು ಹೆಡ್ ನರ್ಸ್ ಮುಖಕ್ಕೆ ಆಮ್ಲಜನಕದ ಮುಖವಾಡ ಒತ್ತಿದರು. ಗಣ್ಯರು ಚಪ್ಪಾಳೆ ತಟ್ಟಿದರು.

ಗೋಡೆಯ ಗಡಿಯಾರ ನಾಲ್ಕು ತೋರಿಸಿತು. ನರ್ಸುಗಳ ಕೈಗಳು ಇದ್ದಲ್ಲೇ ನಿಂತವು. ಚಪ್ಪಾಳೆ ನಿಂತಿತು. ಡೈರೆಕ್ಟರ ಮಾತು ಅರ್ಧಕ್ಕೆ ನಿಂತಿತು. ಗಾಜಿನಾಚೆ ಅಜ್ಜಿ ಮುಖವೆತ್ತಿ ಸ್ಪೀಕರ್ ನೋಡುತ್ತಿದ್ದರು. ಆ ಮುಖ ನೋಡಲಾರದೆ ಬೇಕಾದಷ್ಟಪ್ಪ ಕಣ್ಣು ಮುಚ್ಚಿಕೊಂಡ. ಮುಖವಾಡದೊಳಗೆ ಅವನಿಗೆ ಅಳು ಬಂದಿತ್ತು.

ಆಗ ಛಾವಣಿಯಿಂದ ಕೆಮ್ಮು ಬಂತು. ಚಿಕ್ಕದು ಎರಡು, ದೊಡ್ಡದು ಒಂದು, ಹ್ಞೂಂ.

ಕಣ್ಣು ತೆರೆದ. ಪಕ್ಕದ ಮಾನಿಟರಿನಲ್ಲಿ ಅವನ ನಾಡಿಯ ಗೆರೆ ಮಟ್ಟಸವಾಗಿ ಮಲಗಿತ್ತು. ಅದರ ಮೇಲೆ ಎರಡು ಸಣ್ಣ ಏರು, ಒಂದು ದೊಡ್ಡ ಏರು, ಆಮೇಲೆ ಉದ್ದನೆಯ ಇಳಿಜಾರು ಮೂಡಿ, ಗೆರೆ ಮತ್ತೆ ಅವನ ಎದೆಯ ಲೆಕ್ಕಕ್ಕೆ ಓಡತೊಡಗಿತು. ವಾರ್ಡಿಗೆ ಜೀವ ಬಂತು. ಹೆಡ್ ನರ್ಸ್ "ಅಯ್ಯೋ, ನಾಲ್ಕು ಗಂಟೆ ಮಾತ್ರೆ!" ಎಂದು ಓಡಿದರು. ಡೈರೆಕ್ಟರು ಅರ್ಧ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸಿದರು. ಏನೋ ಸರಿಹೋಯಿತು ಎಂದು ಎಲ್ಲರ ಮುಖದಲ್ಲೂ ಇತ್ತು, ಏನು ಎಂದು ಯಾರಿಗೂ ಗೊತ್ತಿರಲಿಲ್ಲ.

ನಾಲ್ಕೂಕಾಲಿಗೆ ಅಜ್ಜಿ ಹಾಸಿಗೆಯ ಪಕ್ಕ ಬಂದು ನಿಂತರು.

"ನೀನಲ್ಲ ತಾನೇ?"

ಬೇಕಾದಷ್ಟಪ್ಪ ಮುಖವಾಡದೊಳಗಿಂದ ತಲೆಯಾಡಿಸಿದ. ಅಲ್ಲ.

"ಗೊತ್ತು" ಎಂದು ಅಜ್ಜಿ ಅವನ ಹೊದಿಕೆ ಸರಿಮಾಡಿದರು. "ನಾಳೆ ಬರ್ತೀನಿ ಕಣಪ್ಪಾ."

ಮಂಗಳವಾರ ಅವನನ್ನು ಬಿಡುಗಡೆ ಮಾಡಿದರು, ರೋಗ ಸಿಗಲಿಲ್ಲ. ಅವನು ಮೊದಲು ಮಾಡಿದ್ದು ಎರಡು ನಿಮಿಷದಲ್ಲಿ ಪಕ್ಕದ ಬೀದಿ ಎಳೆದು ಆರನೇ ಹಾಸಿಗೆಯ ಮಾನಿಟರಿಗೆ ಅಲ್ಲೊಂದು ಹೊಸ ಬಾಗಿಲು ಕೊಟ್ಟದ್ದು. ಈಗ ನೂರ ನಲವತ್ತೇಳರಲ್ಲಿ ಯಾವ ಮಿಷಿನ್ನೂ ಇರಲಿಲ್ಲ. ನಂಬರು ಬರೆದು, ತಟ್ಟಲು ಬೆರಳೆತ್ತಿದ. ಆಮೇಲೆ ಬೆರಳನ್ನು ಮೆಲ್ಲಗೆ ಮಡಿಚಿಕೊಂಡ. ಪುಸ್ತಕ ತೆಗೆದು, ದೊಡ್ಡವರು ಬರೆದಿದ್ದರ ಕೆಳಗೆ ತಾನೂ ಕೆಂಪು ಶಾಯಿಯಲ್ಲಿ "ಮುಟ್ಟಬಾರದು" ಎಂದು ಬರೆದ.

ಅಷ್ಟರಲ್ಲಿ ಡೈರೆಕ್ಟರು ಬಾಗಿಲಲ್ಲಿ ನಿಂತಿದ್ದರು.

"ಮೇಲಿನ ಮಹಡೀಲಿ ಇನ್ನೊಂದು ವಾರ್ಡು ಮಾಡೋಣ ಅಂತಿದೀವಿ. ವಿಳಾಸ ಬೇಕಾದಷ್ಟಿದಾವೆ ಅಲ್ವೇನ್ರೀ?"

"ಕೇಳಿ ಹೇಳ್ತೀನಿ ಸಾರ್."

ಡೈರೆಕ್ಟರು ತಬ್ಬಿಬ್ಬಾದರು. ಈ ಮನುಷ್ಯನ ಬಾಯಲ್ಲಿ ಇಂಥ ಮಾತು ಅವರು ಕೇಳಿರಲಿಲ್ಲ.

"ಈ ವಿಭಾಗದಲ್ಲಿ ಇರೋರೇ ನೀವೊಬ್ರು. ಯಾರನ್ನ ಕೇಳ್ತೀರಿ?"

ಛಾವಣಿಯ ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. ಗಡಿಯಾರದಲ್ಲಿ ಎರಡೂಕಾಲು.